ಆನೆ ಮೇಲೋ, ಕೆಳಗೋ? (ಒಂದು ಟ್ಯೂಬಾ ಕಛೇರಿಯ ನೆಪದಲ್ಲಿ)

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಈ ಸಲ ಬರೆಸಿದ್ದು ನನ್ನ ಅಕ್ಕನ ಮಗ. ಅಮೆರಿಕದಲ್ಲಿ ಸಂಗೀತ ಓದುತ್ತಿದ್ದಾನೆ, ಅವನ ವಾದ್ಯ ಟ್ಯೂಬಾ. ಪೊಲೀಸ್ ಬ್ಯಾಂಡಿನಲ್ಲಿ ತಬ್ಬಿಕೊಂಡು ಊದುವ, ಬಾಯಿ ಆಕಾಶ ನೋಡುವ ಆ ದೊಡ್ಡ ಹಿತ್ತಾಳೆ ವಾದ್ಯ ನೋಡಿದ್ದೀರಲ್ಲ, ಅದೇ. ಎರಡು ತಿಂಗಳ ಹಿಂದೆ ಒಂದು ರಾತ್ರಿ ಫೋನ್ ಮಾಡಿದ.

"ಮಾವ, ಕೊನೇ ವರ್ಷದ ಸೋಲೋ ಕಛೇರಿ. ಒಂದು ಗಂಟೆ ನಾನೊಬ್ಬನೇ, ಪಕ್ಕಕ್ಕೆ ಪಿಯಾನೋ. ಪ್ರಾಣಿಗಳ ಸಂಗೀತ ಅಂತ ವಿಷಯ ಇಟ್ಕೊಂಡಿದ್ದೀನಿ. ಆದ್ರೆ ಹುಡುಕಿದ್ರೆ ಬರೀ ಜನ ನಗೋ ಅಂಥವೇ ಸಿಗ್ತಾವೆ. ತಾತ ಫೋನಲ್ಲಿ ಕೇಳ್ತೀನಿ ಅಂದಿದ್ದಾರೆ. ಅವರ ಮುಂದೆ ಕೋಡಂಗಿ ಥರ ಊದೋಕೆ ಮನಸ್ಸಿಲ್ಲ."

ತಾತ ಅಂದ್ರೆ ನಮ್ಮಪ್ಪ. ನಮ್ಮೂರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ದೇವರ ವಿಗ್ರಹ ಕೆತ್ತುವ ಊರು ಅಂತ ನಿಮಗೂ ಗೊತ್ತಿರಬಹುದು. ಬೆಳಗಾದರೆ ಮನೆ ಮನೆಯಲ್ಲೂ ಉಳಿ ಸುತ್ತಿಗೆ ಸದ್ದು. ನಾನು ಉಳಿ ಬಿಟ್ಟು ಬೆಂಗಳೂರಿಗೆ ಕಂಪ್ಯೂಟರ್ ಮುಂದೆ ಕೂರಲು ಹೋದೆ. ಮೊಮ್ಮಗನ ಕೈ ಚೆನ್ನಾಗಿತ್ತು, ಅವನಾದರೂ ಉಳಿದುಕೊಳ್ಳುತ್ತಾನೆ ಅಂದುಕೊಂಡಿದ್ದರು ಅಪ್ಪ. ಅವನು ಟ್ಯೂಬಾ ಹಿಡಿದ. ಅದರ ಫೋಟೋ ತೋರಿಸಿದಾಗ ಅಪ್ಪ ಆಡಿದ್ದು ಒಂದೇ ಮಾತು: "ಆನೆ ಸೊಂಡಿಲು ಸುತ್ಕೊಂಡಂಗೈತೆ." ಅಷ್ಟೇ. ಆಮೇಲೆ ವರ್ಷಗಟ್ಟಲೆ ಆ ವಿಷಯ ಎತ್ತಿಲ್ಲ. ಹಾಗಾಗಿ ಹುಡುಗನಿಗೆ ಈ ಕಛೇರಿ ಪರೀಕ್ಷೆಗಿಂತ ದೊಡ್ಡದು.

ಸರಿ, ಹುಡುಕೋಣ ಅಂತ ಕೂತೆ. ಹುಡುಕುತ್ತಾ ಹೋದ ಹಾಗೆ ಇದೊಂದು ಸಣ್ಣ ಇತಿಹಾಸವೇ ಆಗಿಬಿಟ್ಟಿತು.

ಮೊದಲು ವಾದ್ಯದ ಜಾತಕ. ಟ್ಯೂಬಾದ ಅಜ್ಜ ಒಂದು ಹಾವು! ತಮಾಷೆಯಲ್ಲ. 1590ರ ಸುಮಾರಿಗೆ ಫ್ರಾನ್ಸಿನಲ್ಲಿ ಸರ್ಪೆಂಟ್ ಅನ್ನುವ ಊದುವಾದ್ಯ ಹುಟ್ಟಿತು ಅನ್ನುತ್ತಾರೆ. ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ, ಆಕಾರ ಹರಿಯುವ ಹಾವಿನದು. ಇಗರ್ಜಿಯ ಹಾಡುಗಾರರಿಗೆ ಕೆಳದನಿಯ ಆಸರೆ ಕೊಡುವುದು ಅದರ ಕೆಲಸ. 1817ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಲೋಹದ ತಮ್ಮ ಬಂದ, ಆಫಿಕ್ಲೈಡ್. ಗ್ರೀಕ್‌ನಲ್ಲಿ 'ಕೀಲಿಗಳಿರುವ ಹಾವು' ಅಂತ ಅರ್ಥ. ಕೊನೆಗೆ 1835ರ ಸೆಪ್ಟೆಂಬರ್ 12ರಂದು ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೋರಿಟ್ಸ್ ಅನ್ನುವವರು ವಾಲ್ವ್ ಇರುವ ಬಾಸ್ ಟ್ಯೂಬಾಕ್ಕೆ ಪೇಟೆಂಟ್ ಪಡೆದರು. ಹೆಸರಿನಲ್ಲಿ ಹಾವು ಹೋಯಿತು, ಸುತ್ತಿಕೊಂಡ ಮೈ ಮಾತ್ರ ಉಳಿಯಿತು.

ಈ ವಾದ್ಯಕ್ಕೆ ಪಶ್ಚಿಮದವರು ಯಾವ್ಯಾವ ಪ್ರಾಣಿ ಕೊಟ್ಟರು? ವಾಗ್ನರ್ 1876ರ 'ಸೀಗ್‌ಫ್ರೀಡ್' ಆಪೆರಾದಲ್ಲಿ ಗುಹೆಯಲ್ಲಿ ಮಲಗಿದ ಡ್ರ್ಯಾಗನ್‌ಗೆ ಟ್ಯೂಬಾ ದನಿ ಕೊಟ್ಟ. ಅದು ಹೆದರಿಸುವ ದಾರಿ. ಆದರೆ ಹೆಚ್ಚು ಜನ ಹಿಡಿದದ್ದು ನಗಿಸುವ ದಾರಿ. ಸ್ಯಾಂ-ಸಾನ್ಸ್ 1886ರಲ್ಲಿ ಬರೆದ 'ಪ್ರಾಣಿಗಳ ಕಾರ್ನಿವಲ್'ನಲ್ಲಿ ಆನೆಯದೊಂದು ತುಣುಕಿದೆ. ಬರ್ಲಿಯೋಜ್ ಯಕ್ಷಿಣಿಯರಿಗೆಂದು ಬರೆದಿದ್ದ ಹೂವಿನಂಥ ನೃತ್ಯದ ರಾಗವನ್ನು ಎತ್ತಿಕೊಂಡು ಡಬಲ್ ಬೇಸ್‌ನ ತಳದಲ್ಲಿ ನುಡಿಸಿ ಆನೆ ಕುಣಿಯುತ್ತಿದೆ ನೋಡಿ ಅಂತಾನೆ. ಟ್ಯೂಬಾದವರು ಇದನ್ನು ತಮ್ಮದೇ ಮಾಡಿಕೊಂಡಿದ್ದಾರೆ. ತನ್ನ ಗಂಭೀರ ಹೆಸರಿಗೆ ಧಕ್ಕೆ ಬರುತ್ತೆ ಅಂತ ಅವನು ಬದುಕಿರುವಷ್ಟು ದಿನ ಇಡೀ ಕೃತಿಯನ್ನು ಅಚ್ಚಿಗೆ ಬಿಡಲಿಲ್ಲ, 'ಹಂಸ' ಒಂದನ್ನು ಬಿಟ್ಟು! ಪೂರ್ತಿ ಅಚ್ಚಾದದ್ದು 1922ರಲ್ಲಿ, ಅವನು ತೀರಿಕೊಂಡ ಮೇಲೆ. 1942ರಲ್ಲಿ ಸ್ಟ್ರಾವಿನ್ಸ್ಕಿ ನ್ಯೂಯಾರ್ಕಿನಲ್ಲಿ 50 ಆನೆ, 50 ನರ್ತಕಿಯರಿಗೆ ಸರ್ಕಸ್ ಪೋಲ್ಕಾ ಬರೆದುಕೊಟ್ಟ. 1940ರ ದಶಕದ 'ಟಬ್ಬಿ ದ ಟ್ಯೂಬಾ' ಮಕ್ಕಳ ಕಥೆಯಲ್ಲಿ ಬರೀ ಉಂಪಾ ಉಂಪಾ ಅಂದು ಬೇಸತ್ತ ಟ್ಯೂಬಾಕ್ಕೆ ಹೊಳೆ ದಂಡೆಯ ಕಪ್ಪೆಯೊಂದು ಸ್ವಂತ ಹಾಡು ಕಲಿಸುತ್ತದೆ. ಆಲೆಕ್ ವೈಲ್ಡರ್, ಸರ್ಕಸ್ ಬ್ಯಾಂಡಿನಿಂದ ಬಂದ ಟ್ಯೂಬಾ ವಾದಕ ಹಾರ್ವಿ ಫಿಲಿಪ್ಸ್‌ನ ಗೆಳೆಯ, 'ಎಫಿ' ಅನ್ನುವ ಆನೆಯ ಮೇಲೆ ಒಂದು ಮಾಲಿಕೆಯನ್ನೇ ಬರೆದ. ಅದರಲ್ಲಿ ಆನೆ ಪ್ರೀತಿಸುತ್ತೆ, ಜೋಗುಳ ಹಾಡುತ್ತೆ. ನನಗೆ ಇಷ್ಟವಾಯ್ತು.

ಈಗ ನಮ್ಮ ಕಡೆ ಬನ್ನಿ. ಏಳು ಸ್ವರಕ್ಕೆ ಏಳು ಪ್ರಾಣಿ ಅಂತ ನಮ್ಮ ಶಾಸ್ತ್ರ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತ ರತ್ನಾಕರ'ದಲ್ಲಿ ಕೊಡುವ ಪಟ್ಟಿ ಇದು: ಷಡ್ಜ ನವಿಲು, ರಿಷಭ ಚಾತಕ, ಗಾಂಧಾರ ಆಡು, ಮಧ್ಯಮ ಕ್ರೌಂಚ, ಪಂಚಮ ಕೋಗಿಲೆ, ಧೈವತ ಕಪ್ಪೆ, ನಿಷಾದ ಆನೆ. ನಾರದೀಯ ಶಿಕ್ಷೆಯ ಪಟ್ಟಿಯಲ್ಲಿ ರಿಷಭಕ್ಕೆ ಎತ್ತು, ಧೈವತಕ್ಕೆ ಕುದುರೆ. ಆದರೆ ನಿಷಾದಕ್ಕೆ ಎರಡರಲ್ಲೂ ಆನೆಯೇ. ಮುಂದೆ ವಿಜಯನಗರದಲ್ಲಿ ಕಲ್ಲಿನಾಥ ರತ್ನಾಕರಕ್ಕೆ ವ್ಯಾಖ್ಯಾನ ಬರೆದ, ಹಾಗಾಗಿ ಇದು ನಮ್ಮ ನೆಲದಲ್ಲೂ ಓಡಾಡಿದ ಗ್ರಂಥ.

ಗಮನಿಸಿದಿರಾ? ನಿಷಾದ ಸಪ್ತಕದ ಎಲ್ಲಕ್ಕಿಂತ ಮೇಲಿನ ಸ್ವರ. ಸ್ಯಾಂ-ಸಾನ್ಸ್ ಆನೆಯ ಮೈ ನೋಡಿ ಅದನ್ನು ತಳಕ್ಕೆ ಹಾಕಿದ. ನಮ್ಮವರು ಅದು ಘೀಳಿಡುವುದನ್ನು ಕೇಳಿ ಮೇಲಕ್ಕೆ ಇಟ್ಟರು. ಹಾಗಾದರೆ ಟ್ಯೂಬಾಕ್ಕೆ ಆನೆ ಕೊಟ್ಟಿದ್ದೇ ತಪ್ಪಾ?

ಅಲ್ಲ. 1984ರಲ್ಲಿ ಕೇಟಿ ಪೇನ್ ಅನ್ನುವ ವಿಜ್ಞಾನಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದಾಗ ಕಿವಿಗೆ ಏನೂ ಕೇಳದೆ ಗಾಳಿಯಲ್ಲೊಂದು ನಡುಕ ಮಾತ್ರ ಗೊತ್ತಾಯಿತಂತೆ. ಹುಡುಗಿಯಾಗಿದ್ದಾಗ ಚರ್ಚಿನ ದೊಡ್ಡ ಆರ್ಗನ್ ಕೊಳವೆಗಳ ಪಕ್ಕ ನಿಂತು ಹಾಡುವಾಗ ಆಗುತ್ತಿದ್ದ ನಡುಕ ಅವರಿಗೆ ನೆನಪಾಯಿತು. ರೆಕಾರ್ಡ್ ಮಾಡಿ ನೋಡಿದರೆ ಆನೆಗಳು ಸೆಕೆಂಡಿಗೆ 14ರಿಂದ 24 ಕಂಪನಗಳ ದನಿಯಲ್ಲಿ ಮಾತಾಡುತ್ತಿದ್ದವು. ನಮ್ಮ ಕಿವಿಯ ಮಿತಿ ಸುಮಾರು 20. ದೊಡ್ಡ ಟ್ಯೂಬಾದ ತಳದ ಸ್ವರ ಸುಮಾರು 29. ಅಂದರೆ ಘೀಳು ಕೇಳಿದ ಶಾಸ್ತ್ರಕಾರರೂ ಸರಿ, ತಳಕ್ಕಿಳಿಸಿದ ಫ್ರೆಂಚನೂ ಗೊತ್ತಿಲ್ಲದೇ ಸರಿ!

ಇದನ್ನೆಲ್ಲ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಕಲ್ಲು ತಟ್ಟುತ್ತಾ ಕೇಳಿಸಿಕೊಂಡರು. ಕಲ್ಲನ್ನು ತಟ್ಟಿ ದನಿ ಕೇಳಿಯೇ ಆರಿಸುವುದು ನಮ್ಮ ಕಸುಬಿನ ಹಳೇ ಪಾಠ. ಗಂಟೆಯ ಹಾಗೆ ನುಡಿದರೆ ಪುರುಷಶಿಲೆ, ಕಂಚಿನ ತಾಳದ ಹಾಗೆ ಅಂದರೆ ಸ್ತ್ರೀಶಿಲೆ, ದನಿಯೇ ಇಲ್ಲದಿದ್ದರೆ ನಪುಂಸಕ, ಅದರಲ್ಲಿ ಮೂರ್ತಿ ಮಾಡಬಾರದು. ಆಮೇಲೆ ಅಂದರು:

"ಹಳೇಬೀಡು ನೋಡಿದೀಯಲ್ಲ. ಗೋಡೆ ಬುಡದಾಗೆ ಎಲ್ಲಾದ್ಕಿಂತ ಕೆಳಗಡೆ ಏನೈತೆ?"

"ಆನೆ ಸಾಲು."

"ಅದರ ಮ್ಯಾಲೇ ಸಿಂಹ, ಕುದುರೆ, ದೇವ್ರು ಎಲ್ಲಾ. ಅದನ್ನ ನೋಡಿ ಯಾರಾದ್ರೂ ನಗ್ತಾರಾ? ಕೆಳಗಿರೋದು ನಗ್ಸೋಕಲ್ಲ ಕಣಪ್ಪ, ಹೊರೋಕೆ."

ನನಗೆ ಉತ್ತರ ಸಿಕ್ಕಿತು. ಮೈಸೂರು ದಸರಾದಲ್ಲಿ 750 ಕಿಲೋ ಅಂಬಾರಿ ಹೊತ್ತ ಆನೆಯನ್ನು ನೋಡಿ ಯಾರು ನಗುತ್ತಾರೆ? ಅದೇ ಮೆರವಣಿಗೆಯಲ್ಲಿ ಬ್ಯಾಂಡಿನ ಹಾಡನ್ನು ಹೊತ್ತು ನಡೆಯುವುದೂ ಇಂಥ ತಳದ ವಾದ್ಯಗಳೇ. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಹೊರಗಿನ ವಾದ್ಯ ನಮ್ಮದಾಗೋದು ಹೀಗೆ.

ಅದಕ್ಕೂ ಹಳೇ ಉದಾಹರಣೆ ಮುತ್ತುಸ್ವಾಮಿ ದೀಕ್ಷಿತರು. ಮದರಾಸಿನ ಕೋಟೆಯ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದವರು, ಅವೇ ನೊಟ್ಟುಸ್ವರಗಳು. ಆನೆಮೊಗದವನ ಮೇಲಿನ 'ವಾತಾಪಿ ಗಣಪತಿಂ' ಕೂಡ ಅವರದ್ದೇ, ಅವರ ತಂದೆ ರಾಮಸ್ವಾಮಿ ದೀಕ್ಷಿತರು ರೂಪಿಸಿದರೆನ್ನುವ ಹಂಸಧ್ವನಿಯಲ್ಲಿ. ಆ ರಾಗದಲ್ಲಿ ಮಧ್ಯಮ, ಧೈವತ ಇಲ್ಲ. ಅಂದರೆ ಕ್ರೌಂಚವೂ ಇಲ್ಲ, ಕಪ್ಪೆಯೂ ಇಲ್ಲ. ಆನೆ ಮಾತ್ರ ಗಟ್ಟಿಯಾಗಿ ನಿಂತಿದೆ :) ಇನ್ನೊಂದು ಸೋಜಿಗ: ದೀಕ್ಷಿತರು ತೀರಿಕೊಂಡದ್ದು 1835ರ ಅಕ್ಟೋಬರಿನಲ್ಲಿ, ಬರ್ಲಿನ್‌ನಲ್ಲಿ ಟ್ಯೂಬಾ ಹುಟ್ಟಿದ ಮರುತಿಂಗಳು.

ಕೊನೆಗೆ ನಾವಿಬ್ಬರೂ ಸೇರಿ ಮಾಡಿದ ಪಟ್ಟಿ ಹೀಗಿತ್ತು. ಶುರುವಿಗೆ ಹಂಸಧ್ವನಿ. ಹಿಂದೆಯೇ ಸ್ಯಾಂ-ಸಾನ್ಸ್‌ನ 'ಹಂಸ', ಎರಡು ಊರಿನ ಹಂಸಗಳು ಅಕ್ಕಪಕ್ಕ. ಆಮೇಲೆ ಅವನದೇ ಆನೆ, ಇರಲಿ, ನಗೋರು ನಗಲಿ. 'ಎಫಿ'ಯ ಪ್ರೀತಿ ಮತ್ತು ಜೋಗುಳ. ಆಮೇಲೆ 1954ರ 'ನಾಗಿನ್' ಚಿತ್ರದ ಪುಂಗಿ ಮಟ್ಟು. ಕಲ್ಯಾಣ್‌ಜಿ ಅದನ್ನು ನುಡಿಸಿದ್ದು ಕ್ಲಾವಿಯೊಲಿನ್ ಅನ್ನುವ ವಿದ್ಯುತ್ ವಾದ್ಯದಲ್ಲಿ, ಆದರೆ ನಮ್ಮ ಮಾಲೂರು, ಕೋಲಾರದ ಗಣೇಶನ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವರು ಊದದೆ ಬಿಡುತ್ತಾರಾ? ಹಾವಿನ ಮೊಮ್ಮಗ ಹಾವಿನ ಹಾಡು ಊದಿದರೆ ತಪ್ಪೇನು?

ಕೊನೆಯದು ಎತ್ತಿನ ಗಾಡಿ. ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೋಗೆ ಬರೆದ ಚಿತ್ರಮಾಲಿಕೆಯಲ್ಲಿ 'ಬಿಡ್ಲೊ' ಅಂತ ಒಂದಿದೆ, ಪೋಲಿಷ್ ಭಾಷೆಯಲ್ಲಿ ದನಗಳು ಅಂತ ಅರ್ಥ. 1922ರಲ್ಲಿ ರಾವೆಲ್ ಅದನ್ನು ವಾದ್ಯವೃಂದಕ್ಕೆ ಹೊಂದಿಸುವಾಗ ಹಾಡನ್ನು ಟ್ಯೂಬಾಕ್ಕೆ ಕೊಟ್ಟ. ದೂರದಿಂದ ಭಾರದ ಗಾಡಿ ಬರುತ್ತೆ, ಎದುರಿಗೆ ಬಂದು ನೆಲ ಅದುರಿಸುತ್ತೆ, ಮೆಲ್ಲಗೆ ದೂರ ಹೋಗುತ್ತೆ. ಅದರಲ್ಲಿ ನಗು ಇಲ್ಲ, ಹೊರುವುದು ಮಾತ್ರ ಇದೆ.

ಕಛೇರಿ ಹೋದ ವಾರ ಮುಗಿಯಿತು. ನಮಗೆ ಬೆಳಗಿನ ಜಾವ. ಅಪ್ಪ ಕೆಲಸದ ಕೊಟ್ಟಿಗೆಯಲ್ಲಿ, ಅರ್ಧ ಕೆತ್ತಿದ ನಂದಿಯ ಪಕ್ಕ ಕೂತು ನನ್ನ ಫೋನಿನಲ್ಲಿ ಕೇಳಿದರು. 'ನಾಗಿನ್'ಗೆ ಮೊಣಕಾಲ ಮೇಲೆ ಬೆರಳು ಆಡಿತು. ಕೊನೆಯ ಗಾಡಿ ಹೋಗುವಾಗ ಕಣ್ಣು ಮುಚ್ಚಿದ್ದರು. ಮುಗಿದ ಮೇಲೆ ಹುಡುಗ ಫೋನ್ ಮಾಡಿದ. ಇಬ್ಬರಿಗೂ ಮಾತು ಹೊರಡಲಿಲ್ಲ. ಆಮೇಲೆ ಅಪ್ಪ ಕೇಳಿದರು:

"ಕೊನೇದು ಗಾಡಿ ಅಲ್ವಾ? ಲೋಡು ಜಾಸ್ತಿ ಇತ್ತು."

"ಹೂಂ ತಾತ."

"ಚೆನ್ನಾಗಿ ಎಳೆದೆ ಬಿಡು."

ಫೋನು ನನ್ನ ಕೈಗೆ ಕೊಟ್ಟು ಉಳಿ ತಗೊಂಡರು.

ನಿಮ್ಮೂರ ಬ್ಯಾಂಡಿನವರು ಪ್ರಾಣಿಗಳ ಹಾಡು ಯಾವುದಾದ್ರೂ ಊದುತ್ತಿದ್ದರೆ ತಿಳಿಸಿ. ಹುಡುಗ ಮುಂದಿನ ಕಛೇರಿಗೆ ಈಗಲೇ ಕೇಳ್ತಿದ್ದಾನೆ...