ಒಂದೇ ತೇದಿ, ಎರಡು ದಿನ: ಕ್ರಿ. ಶ. 1616ರ ಏಪ್ರಿಲ್ 23

ಇಂಗ್ಲೆಂಡಿನ ಷೇಕ್ಸ್‌ಪಿಯರನೂ ಸ್ಪೇನಿನ ಸೆರ್ವಾಂಟಿಸನೂ ಕ್ರಿ. ಶ. 1616ರ ಏಪ್ರಿಲ್ 23ರಂದು, ಒಂದೇ ದಿನ, ಕಾಲವಶರಾದರೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಯುನೆಸ್ಕೋ ಸಂಸ್ಥೆಯು 1995ರಲ್ಲಿ ಈ ತೇದಿಯನ್ನು ವಿಶ್ವ ಪುಸ್ತಕ ದಿನವೆಂದು ಗೊತ್ತುಮಾಡಿದ ಮೇಲೆ ಅದಕ್ಕೆ ಮತ್ತಷ್ಟು ಪ್ರಚಾರ ದೊರೆಯಿತು. ಕೇಳುವುದಕ್ಕೆ ರಮ್ಯವಾದ ಈ ಹೇಳಿಕೆಯು ಪರೀಕ್ಷೆಗೆ ನಿಲ್ಲುವುದೇ ಎಂಬುದು ವಿಚಾರಣೀಯ.

ಜೂಲಿಯಸ್ ಸೀಸರನು ನೆಲೆಗೊಳಿಸಿದ ಪಂಚಾಂಗದಲ್ಲಿ ವರ್ಷಕ್ಕೆ 365¼ ದಿನಗಳು. ಇದು ಸೂರ್ಯಗತಿಯ ವರ್ಷಕ್ಕಿಂತ ಸುಮಾರು 11 ನಿಮಿಷಗಳಷ್ಟು ದೀರ್ಘ. ಈ ಅಲ್ಪ ದೋಷವೇ ಶತಮಾನಗಳಲ್ಲಿ ಬೆಳೆದುದರಿಂದ, ಹದಿಮೂರನೆಯ ಗ್ರೆಗೊರಿ ಪೋಪನು 1582ರಲ್ಲಿ 10 ದಿನಗಳನ್ನು ತೆಗೆದುಹಾಕಿಸಿದನು. ಆ ವರ್ಷ ಅಕ್ಟೋಬರ್ 4ನೆಯ ತೇದಿ ಗುರುವಾರದ ಮರುದಿನವೇ 15ನೆಯ ತೇದಿ ಶುಕ್ರವಾರವಾಯಿತು. ತೇದಿ ಹಾರಿತು, ವಾರದ ಸರಣಿ ಮಾತ್ರ ತುಂಡಾಗಲಿಲ್ಲ. ಸ್ಪೇನ್, ಪೋರ್ಚುಗಲ್ ದೇಶಗಳು ಇದನ್ನು ಒಡನೆಯೇ ಅಂಗೀಕರಿಸಿದವು. ಪೋಪನ ಅಧಿಕಾರವನ್ನೊಪ್ಪದ ಇಂಗ್ಲೆಂಡು 1752ರವರೆಗೂ ಹಳೆಯ ಗಣನೆಯನ್ನು ಬಿಡಲಿಲ್ಲ.

ಆದುದರಿಂದ 1616ರಲ್ಲಿ ಇಂಗ್ಲೆಂಡಿನ ಏಪ್ರಿಲ್ 23 ಸ್ಪೇನಿನಲ್ಲಿ ಮೇ 3 ಆಗಿದ್ದಿತು. ವಾರವೂ ಇದನ್ನು ಸಮರ್ಥಿಸುವುದು: ಸ್ಪೇನಿನ ಏಪ್ರಿಲ್ 23 ಶನಿವಾರ, ಇಂಗ್ಲೆಂಡಿನದು ಮಂಗಳವಾರ. ಇಷ್ಟೇ ಅಲ್ಲ. ಷೇಕ್ಸ್‌ಪಿಯರನ ಮರಣದ ತೇದಿಯನ್ನು ಸ್ಟ್ರಾಟ್‌ಫರ್ಡಿನ ಇಗರ್ಜಿಯಲ್ಲಿರುವ ಸ್ಮಾರಕವೇ ಹೇಳುತ್ತದೆ. ಸೆರ್ವಾಂಟಿಸನ ವಿಷಯದಲ್ಲಾದರೋ, 23 ಎಂಬುದು ಮಾಡ್ರಿಡ್ ನಗರದ ಇಗರ್ಜಿಯ ದಫ್ತರದಲ್ಲಿ ಕಾಣುವ ತೇದಿ. ಅದು ಶವಸಂಸ್ಕಾರದ ದಿನವೆಂದೂ, ಅವನು ತೀರಿಕೊಂಡುದು 22ರಂದೆಂದೂ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವರು. ಅಂತು ಇಬ್ಬರ ಮರಣಕ್ಕೂ ನಡುವೆ ಹನ್ನೊಂದು ದಿನಗಳ ಅಂತರವಿದೆ.

ಕನ್ನಡ ಶಾಸನಗಳನ್ನು ಓದಿ ಬಲ್ಲವರಿಗೆ ಈ ಪರೀಕ್ಷೆಯ ಕ್ರಮ ಹೊಸದಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳೊಡನೆ ವಾರವನ್ನೂ ಹೇಳುವ ಶಾಸನದಲ್ಲಿ, ಗಣಿತದಿಂದ ಬಂದ ವಾರವು ಹೇಳಿದ ವಾರಕ್ಕೆ ಹೊಂದಿದರೆ ಕಾಲನಿರ್ಣಯಕ್ಕೆ ಬಲ ಬರುತ್ತದೆ. ಹೊಂದದಿದ್ದರೆ ಸಂಶಯಕ್ಕೆ ಎಡೆಯಾಗುತ್ತದೆ. ಫ್ಲೀಟ್, ಕೀಲ್‌ಹಾರ್ನ್ ಮೊದಲಾದವರು ಶಾಸನಗಳ ಕಾಲವನ್ನು ಶೋಧಿಸಿದುದು ಈ ಮಾರ್ಗದಲ್ಲಿಯೇ.

ಕರಾವಳಿಯ ಚರಿತ್ರೆಯನ್ನು ಬರೆಯುವವರಿಗಂತೂ ಈ ಎಚ್ಚರ ಅವಶ್ಯ. ಹದಿನೇಳನೆಯ ಶತಮಾನದಲ್ಲಿ ಗೋವೆಯ ಪೋರ್ಚುಗೀಸರದು ಹೊಸ ಗಣನೆ. ಕಾರವಾರದ ಕೋಠಿಯ ಇಂಗ್ಲಿಷರದು ಹಳೆಯದು. ಒಂದೇ ದಿನದ ಸಂಗತಿಯು ಇವರ ಕಾಗದಗಳಲ್ಲಿ 10 ದಿನಗಳ ಹಿಂದುಮುಂದಾಗಿ ಕಾಣಬಹುದು. ಇಂಗ್ಲಿಷರ ಅಧಿಕೃತ ವರ್ಷವು ಆಗ ಮಾರ್ಚ್ 25ಕ್ಕೆ ಮೊದಲಾಗುತ್ತಿದ್ದುದರಿಂದ, ಜನವರಿಯ ಪತ್ರವೊಂದು ಹಿಂದಿನ ವರ್ಷದ ಅಂಕಿಯನ್ನು ಹೊತ್ತಿರುವುದೂ ಉಂಟು. ಇದನ್ನರಿಯದೆ ಘಟನೆಗಳನ್ನು ಜೋಡಿಸಿದರೆ, ಉತ್ತರವು ಪ್ರಶ್ನೆಗಿಂತ ಮುಂಚೆ ಬಂದಂತಾದೀತು. ಕಾರಣವು ಕಾರ್ಯವಾಗಿಯೂ ಕಾರ್ಯವು ಕಾರಣವಾಗಿಯೂ ತೋರೀತು.

ಇಬ್ಬರು ಮಹಾಲೇಖಕರನ್ನು ಒಂದೇ ತೇದಿಯಲ್ಲಿ ಸ್ಮರಿಸುವುದರಲ್ಲಿ ದೋಷವೇನೂ ಇಲ್ಲ. ಆದರೆ ಸ್ಮರಣೆಗೆ ತೇದಿಯೊಂದೇ ಸಾಕು. ಚರಿತ್ರೆಗೆ ಅದು ಯಾವ ಪಂಚಾಂಗದ ತೇದಿಯೆಂಬುದೂ ತಿಳಿದಿರಬೇಕು.