ಮತ್ತೆ ಅದೇ ಗಾಡಿಯನ್ನು ಕೊಳ್ಳುವರೇ? ಜಿಪ್ಸಿ, ಜೀಪು ಮತ್ತು ಥಾರ್ ಮಾಲೀಕರ ನಿಷ್ಠೆಯ ಸ್ವರೂಪ

ವಾಹನ ಮಾರುಕಟ್ಟೆಯ ಅಧ್ಯಯನಗಳಲ್ಲಿ ಮಾಲೀಕರ ತೃಪ್ತಿಯನ್ನು ಅಳೆಯಲು ಬಳಸುವ ಪ್ರಶ್ನೆಗಳ ಪೈಕಿ ತೀರ ಸರಳವಾಗಿ ಕಾಣುವುದು, ಇದೇ ಗಾಡಿಯನ್ನು ಮತ್ತೊಮ್ಮೆ ಕೊಳ್ಳುವಿರಾ ಎಂಬ ಪ್ರಶ್ನೆ. ಇದಕ್ಕೆ ಸಿಗುವ ಉತ್ತರವನ್ನು ಮರುಖರೀದಿ ಸಂಕಲ್ಪ ಎಂದೂ, ಮುಂದೆ ಮಾಲೀಕನು ನಿಜವಾಗಿ ಹಣ ತೆತ್ತು ಕೊಂಡದ್ದನ್ನು ಮರುಖರೀದಿ ವರ್ತನೆ ಎಂದೂ ಕರೆಯಬಹುದು. ಮೊದಲನೆಯದು ಬಾಯಿಮಾತು, ಎರಡನೆಯದು ಲೆಕ್ಕಪುಸ್ತಕದಲ್ಲಿ ದಾಖಲಾಗುವ ಕ್ರಿಯೆ. ಗ್ರಾಹಕನಿಷ್ಠೆಯ ಬಗ್ಗೆ 1999ರಲ್ಲಿ ಬರೆದ ರಿಚರ್ಡ್ ಆಲಿವರ್ ಅವರು ನಿಷ್ಠೆಯು ಅರಿವು, ಭಾವ, ಸಂಕಲ್ಪ, ಕ್ರಿಯೆ ಎಂಬ ನಾಲ್ಕು ಹಂತಗಳಲ್ಲಿ ಬಲಿಯುತ್ತದೆಂದು ವಿವರಿಸಿದ್ದು, ಕೊನೆಯ ಎರಡು ಹಂತಗಳ ನಡುವಿನ ಕಂದರವೇ ಈ ಪ್ರಶ್ನೆಯ ನಿಜವಾದ ತೊಡಕು. ಆದರೆ ಒರಟು ದಾರಿಯ ಗಾಡಿಗಳ ವಿಷಯದಲ್ಲಿ, ಅದರಲ್ಲೂ ಭಾರತದಲ್ಲಿ, ಇದಕ್ಕಿಂತ ಮೊದಲಿನ ಇನ್ನೊಂದು ತೊಡಕಿದೆ: ‘ಅದೇ ಗಾಡಿ’ ಎಂಬುದು ಎರಡನೆಯ ಖರೀದಿಯ ಹೊತ್ತಿಗೆ ಅಂಗಡಿಯಲ್ಲಿ ಇರುವುದೇ ಇಲ್ಲ. ಹೀಗಾಗಿ ಈ ವರ್ಗದ ಮಾಲೀಕರ ನಿಷ್ಠೆಯನ್ನು ಹೊಸ ಗಾಡಿಯ ಬಿಲ್ಲಿನಲ್ಲಿ ಹುಡುಕುವುದಕ್ಕಿಂತ ಹಳೆಯ ಗಾಡಿಯನ್ನು ಮಾರದೆ ಉಳಿಸಿಕೊಂಡ ನಿರ್ಧಾರದಲ್ಲಿ ಹುಡುಕುವುದು ಯುಕ್ತವೆಂಬುದು ಪ್ರಸ್ತುತ ಲೇಖನದ ವಾದ.

ಈ ವಾದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಮಾರುತಿ ಜಿಪ್ಸಿ. ಸುಜುಕಿಯ ಎಸ್‌ಜೆ410 ಮಾದರಿಯನ್ನು ಆಧರಿಸಿ, ಚಕ್ರಾಂತರವನ್ನು 2375 ಮಿಲಿಮೀಟರಿಗೆ ಹಿಗ್ಗಿಸಿ, 1985ರ ಕೊನೆಯಲ್ಲಿ ಮಾರುಕಟ್ಟೆಗೆ ತಂದ ಈ ಗಾಡಿಗೆ ಮೊದಲು 970 ಸಿಸಿ ಎಂಜಿನ್ ಇತ್ತು. 1990ರ ದಶಕದ ನಡುವಿನಲ್ಲಿ ಜಿಪ್ಸಿ ಕಿಂಗ್ ಎಂಬ ಹೆಸರಿನೊಡನೆ 1298 ಸಿಸಿ ಎಂಜಿನ್ ಬಂದಿತು. ಅದಾದ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಮೂಲರಚನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಏಣಿಯಾಕಾರದ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಅಖಂಡ ಆಕ್ಸಲ್, ನಾಲ್ಕೂ ಚಕ್ರಗಳಿಗೆ ಪ್ಲೇಟು ಸ್ಪ್ರಿಂಗು, ಗೇರಿನ ಪಕ್ಕದಲ್ಲಿ ಟ್ರಾನ್ಸ್‌ಫರ್ ಕೇಸಿನ ಇನ್ನೊಂದು ಲಿವರ್: ಇಷ್ಟೇ ಅದರ ಬಂಡವಾಳ. ಟ್ರಾನ್ಸ್‌ಫರ್ ಕೇಸ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆ. ಅದನ್ನು ‘ಲೋ’ ಸ್ಥಾನಕ್ಕೆ ಎಳೆದಾಗ ಚಕ್ರದ ವೇಗ ಇಳಿದು ಎಳೆತ ಹೆಚ್ಚುತ್ತದೆ. ಹಳೆಯ ಜಿಪ್ಸಿಯಲ್ಲಿ ಈ ಲಿವರ್ ಎಳೆಯುವುದಕ್ಕೆ ಮೊದಲು ಚಾಲಕನು ಕೆಳಗಿಳಿದು, ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮುಂದಿನ ಎರಡೂ ಚಕ್ರಗಳ ಕೇಂದ್ರದಲ್ಲಿರುವ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಿತ್ತು. ಹಿಂದಿನ ಆಸನದಲ್ಲಿ ಕೂತವರ ಬೆನ್ನು ನೋಯುವುದು, ಪೆಟ್ರೋಲು ಲೀಟರಿಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಮುಗಿಯುವುದು, ತಗಡಿಗೆ ತುಕ್ಕು ಹಿಡಿಯುವುದು, ಇವೆಲ್ಲ ಮಾಲೀಕರಿಗೆ ಚೆನ್ನಾಗಿ ಗೊತ್ತಿದ್ದ ದೋಷಗಳು. ಆದರೂ ಸಾವಿರ ಕಿಲೋಗ್ರಾಮಿಗೂ ಸ್ವಲ್ಪ ಕಡಿಮೆ ತೂಗುವ ಆ ಮೈಯೇ ಅದರ ಶಕ್ತಿಯಾಗಿತ್ತು: ಭಾರೀ ಗಾಡಿ ಹೂತುಹೋಗುವ ಮರಳಿನಲ್ಲಿ, ಮಂಜಿನಲ್ಲಿ ಅದು ತೇಲಿದಂತೆ ಸಾಗುತ್ತಿತ್ತು, ಸಿಕ್ಕಿಕೊಂಡರೂ ನಾಲ್ಕು ಜನ ಸೇರಿ ತಳ್ಳಿ ಹೊರತರಬಹುದಿತ್ತು.

ಜಿಪ್ಸಿಯ ಅತಿದೊಡ್ಡ ಮಾಲೀಕನೆಂದರೆ ಭಾರತೀಯ ಸೇನೆ. ಮರುಖರೀದಿಯ ಚರ್ಚೆಯಲ್ಲಿ ಸಂಸ್ಥೆಗಳನ್ನು ಬಿಟ್ಟು ವ್ಯಕ್ತಿಗಳನ್ನಷ್ಟೇ ಗಮನಿಸುವ ರೂಢಿ ಸರಿಯಲ್ಲ, ಏಕೆಂದರೆ ಸಂಸ್ಥೆಯು ತನ್ನ ಅಪೇಕ್ಷೆಯನ್ನು ಟೆಂಡರಿನ ಷರತ್ತುಗಳಲ್ಲಿ ಬರೆದಿಡಬೇಕಾಗುತ್ತದೆ. ವ್ಯಕ್ತಿಯ ಮನಸ್ಸಿನಲ್ಲಿ ಅಸ್ಪಷ್ಟವಾಗಿ ಉಳಿಯುವ ಕಾರಣಗಳು ಅಲ್ಲಿ ಅಕ್ಷರರೂಪ ಪಡೆಯುತ್ತವೆ. ಜಿಪ್ಸಿಯ ಉತ್ತರಾಧಿಕಾರಿಗಾಗಿ ಸೇನೆಯು ಕನಿಷ್ಠ 800 ಕಿಲೋಗ್ರಾಂ ಹೊರುವ ಸಾಮರ್ಥ್ಯ, ಗಟ್ಟಿ ಛಾವಣಿ ಮತ್ತು ಹವಾನಿಯಂತ್ರಣವನ್ನು ಬಯಸಿತು. 2017ರಲ್ಲಿ 3,192 ಟಾಟಾ ಸಫಾರಿ ಸ್ಟಾರ್ಮ್ ಗಾಡಿಗಳ ಒಪ್ಪಂದವಾಯಿತು. ಹಾಗೆ ನೋಡಿದರೆ ಸೇನೆಯ ಉತ್ತರ ‘ಇಲ್ಲ’ ಎಂದೇ ಆಗಬೇಕು. ಆದರೆ ನಾಗರಿಕರಿಗೆ ಜಿಪ್ಸಿಯ ಮಾರಾಟ ನಿಂತ ಬಳಿಕವೂ ಸೇನೆಯ ವಿಶೇಷ ಬೇಡಿಕೆಯ ಮೇಲೆ ಅದರ ತಯಾರಿಕೆ ಕೆಲಕಾಲ ಮುಂದುವರಿಯಿತು. ಭಾರ ಹೊರುವ ಕೆಲಸಕ್ಕೆ ಹೊಸ ಗಾಡಿ, ಹಗುರವಾಗಿ ಏರುವ ಕೆಲಸಕ್ಕೆ ಹಳೆಯ ಗಾಡಿ ಎಂದು ಒಂದೇ ಮಾಲೀಕನ ಉತ್ತರ ಎರಡಾಗಿ ಸೀಳಿದ್ದನ್ನು ಇಲ್ಲಿ ಕಾಣಬಹುದು. ದೇಶದಲ್ಲಿ ಅದೇ ಜಿಪ್ಸಿಯನ್ನು ಮತ್ತೆ ಹೊಸದಾಗಿ ಕೊಳ್ಳುವ ಅವಕಾಶ ಆ ಹೊತ್ತಿನಲ್ಲಿ ಉಳಿದದ್ದು ಈ ಮಾಲೀಕನೊಬ್ಬನಿಗೆ ಮಾತ್ರ ಎಂಬುದೂ ಗಮನಾರ್ಹ.

ಉಳಿದವರ ಪಾಲಿಗೆ ಆ ಅವಕಾಶವನ್ನು ಮುಚ್ಚಿದ್ದು ಮಾಲೀಕರ ಅತೃಪ್ತಿಯಲ್ಲ, ಕಾನೂನು. 2019ರ ಏಪ್ರಿಲಿನಿಂದ ಎಬಿಎಸ್, ಅಂದರೆ ತುರ್ತಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಬಿದ್ದು ಜಾರದಂತೆ ತಡೆಯುವ ವ್ಯವಸ್ಥೆ ಕಡ್ಡಾಯವಾಯಿತು. ಅದೇ ವರ್ಷದ ಅಕ್ಟೋಬರಿನಿಂದ ಹಳೆಯ ಮಾದರಿಗಳೂ ಅಪಘಾತ ಪರೀಕ್ಷೆಗೆ ಒಳಪಡಬೇಕಾಯಿತು. 2020ರ ಏಪ್ರಿಲಿನಿಂದ ಬಿಎಸ್6 ಹೊಗೆ ಮಿತಿ ಜಾರಿಗೆ ಬಂದಿತು. 1980ರ ದಶಕದ ವಿನ್ಯಾಸವೊಂದು ಈ ಮೂರು ಬಾಗಿಲುಗಳನ್ನು ದಾಟುವುದು ಆರ್ಥಿಕವಾಗಿ ಸಾಧುವಾಗಿರಲಿಲ್ಲ. ಈ ನಿಯಮಗಳು ಜೀವ ಉಳಿಸುವಂಥವು, ಅವು ಬೇಕೇಬೇಕಿದ್ದವು ಎಂಬುದರಲ್ಲಿ ಎರಡು ಮಾತಿಲ್ಲ; ಆದರೆ ಅವುಗಳಿಂದಾಗಿ ನಿಷ್ಠಾವಂತ ಮಾಲೀಕನೂ ಅಂಕಿ-ಅಂಶದ ಕೋಷ್ಟಕದಲ್ಲಿ ಬಿಟ್ಟುಹೋದವನಂತೆ ದಾಖಲಾಗುತ್ತಾನೆ ಎಂಬುದನ್ನು ಸಂಶೋಧಕರು ಮರೆಯಬಾರದು.

2023ರ ಜೂನ್‌ನಲ್ಲಿ ಮಾರುತಿಯ ಐದು ಬಾಗಿಲಿನ ಜಿಮ್ನಿ ಭಾರತದಲ್ಲಿ ಮಾರಾಟಕ್ಕೆ ಬಂದಾಗ ಜಿಪ್ಸಿಯ ಜಾಗ ತುಂಬೀತೆಂಬ ನಿರೀಕ್ಷೆ ಮೂಡಿದ್ದು ಸಹಜ. ಏಣಿ ಚಾಸಿ, ಅಖಂಡ ಆಕ್ಸಲ್, ಲೋ ಗೇರಿನ ಲಿವರ್ ಎಲ್ಲವೂ ಅದರಲ್ಲಿ ಉಳಿದಿವೆ. ಪ್ಲೇಟಿನ ಬದಲು ಸುರುಳಿ ಸ್ಪ್ರಿಂಗು ಬಂದು ಕೂರುವವರ ಬೆನ್ನಿಗೂ ನೆಮ್ಮದಿಯಾಗಿದೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ ವಾರಸುದಾರ ಇನ್ನೊಂದಿಲ್ಲ. ಆದರೆ 12.74 ಲಕ್ಷ ರೂಪಾಯಿಯಿಂದ ಆರಂಭವಾದ ಬೆಲೆಯನ್ನು ಅದೇ ವರ್ಷದ ಕೊನೆಯೊಳಗೆ ರಿಯಾಯಿತಿಗಳ ಮೂಲಕ ಗಣನೀಯವಾಗಿ ಇಳಿಸಬೇಕಾಯಿತು. ಕಾರ್ಬೆಟ್, ಕಾನ್ಹಾ, ರಣಥಂಬೋರ್ ಕಾಡುಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಜಿಪ್ಸಿ ಮಾಲೀಕನಿಗೆ ಬೇಕಾದದ್ದು ಛಾವಣಿ ತೆಗೆದು ಸಾಲು ಆಸನ ಹಾಕಬಲ್ಲ ತೆರೆದ ಮೈ; ಗಟ್ಟಿ ಛಾವಣಿಯ, ಐದು ಬಾಗಿಲಿನ ಗಾಡಿ ಅವನ ಕಸುಬಿಗೆ ಒದಗದು. ಮನೆಮಂದಿಗಾಗಿ ಕೊಳ್ಳುವವನು ಅದೇ ಹಣಕ್ಕೆ ಅಗಲವಾದ ಕಾರನ್ನು ನೋಡುತ್ತಾನೆ. ಇಬ್ಬರೂ ‘ಇಲ್ಲ’ ಎಂದರೂ ಆ ಎರಡು ‘ಇಲ್ಲ’ಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಗುರುಗ್ರಾಮದಲ್ಲಿ ತಯಾರಾಗುವ ಇದೇ ಗಾಡಿ ಜಿಮ್ನಿ ನೊಮಾಡ್ ಎಂಬ ಹೆಸರಿನಲ್ಲಿ 2025ರ ಆರಂಭದಲ್ಲಿ ಜಪಾನಿನಲ್ಲಿ ಪ್ರಕಟವಾದಾಗ ಕೆಲವೇ ದಿನಗಳಲ್ಲಿ ಸುಮಾರು 50,000 ಬೇಡಿಕೆಗಳು ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಜಪಾನಿನಲ್ಲಿ ಜಿಮ್ನಿಯ ವಂಶ 1970ರಿಂದ ಎಲ್ಲಿಯೂ ಕಡಿಯದೆ, 1981, 1998 ಮತ್ತು 2018ರ ಪೀಳಿಗೆಗಳಾಗಿ ಮುಂದುವರಿದಿದೆ. ‘ಮತ್ತೆ ಅದನ್ನೇ’ ಎನ್ನುವುದಕ್ಕೆ ಅಲ್ಲಿ ಒಂದು ನಿಜವಾದ ವಸ್ತುವಿದೆ. ಭಾರತದಲ್ಲಿ ಜಿಪ್ಸಿಗೂ ಜಿಮ್ನಿಗೂ ನಡುವೆ ನಾಲ್ಕು ವರ್ಷಗಳ ಬಯಲು ಬಿದ್ದಿತ್ತು, ಮತ್ತು ಆ ಬಯಲಿನಲ್ಲಿಯೇ, 2020ರ ಅಕ್ಟೋಬರ್ 2ರಂದು, ಎರಡನೆಯ ಪೀಳಿಗೆಯ ಥಾರ್ ಬಂದಿತು.

ಥಾರ್‌ನ ವಂಶಾವಳಿ 1947ರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಕೈಗೆತ್ತಿಕೊಂಡ ವಿಲ್ಲಿಸ್ ಜೀಪಿನ ಜೋಡಣೆಯಿಂದ ತೊಡಗಿ, ಎಂಎಂ540, ಕಮಾಂಡರ್, ಮೇಜರ್ ಮೊದಲಾದ ಮಾದರಿಗಳ ಮೂಲಕ ಹರಿದುಬಂದದ್ದು. ಕರ್ನಾಟಕದ ಮಲೆನಾಡಿಗೂ ಕೊಡಗಿಗೂ ಈ ವಂಶದ ನಂಟು ಗಾಢವಾದುದು. ಕಾಫಿ ತೋಟದ ಕಡಿದಾದ ಒಳದಾರಿಗಳಲ್ಲಿ ಗೊಬ್ಬರದ ಚೀಲ, ಕೂಲಿಯಾಳು, ಕೊಯ್ದ ಹಣ್ಣು ಎಲ್ಲವನ್ನೂ ಹೊತ್ತದ್ದು ಇವೇ ಜೀಪುಗಳು. ಇಂದಿಗೂ ಮಡಿಕೇರಿಯ ಬಳಿಯ ಮಾಂದಲಪಟ್ಟಿಗೂ ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಯ ನೆತ್ತಿಗೂ ಪ್ರವಾಸಿಗರನ್ನು ಹತ್ತಿಸುವ ಬಾಡಿಗೆ ಜೀಪುಗಳ ಸಾಲಿನಲ್ಲಿ ಹಳೆಯ ಮಹೀಂದ್ರ ಗಾಡಿಗಳು ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಕೊಡಚಾದ್ರಿಯ ದಾರಿಯೆಂದರೆ ಕೊರಕಲು, ಉರುಳುಗಲ್ಲು ಮತ್ತು ಜಿಗುಟು ಕೆಂಪುಮಣ್ಣು. ಅಲ್ಲಿ ಪ್ಲೇಟು ಸ್ಪ್ರಿಂಗಿನ ಒಂದು ಎಲೆ ತುಂಡಾದರೆ ಹತ್ತಿರದ ಊರಿನ ಗ್ಯಾರೇಜಿನಲ್ಲಿಯೇ ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿ, ಮುರಿದ ಎಲೆಯನ್ನಷ್ಟೇ ಕಳಚಿ, ಬೇರೊಂದು ಎಲೆ ಸೇರಿಸಿ, ಯು ಬೋಲ್ಟ್ ಬಿಗಿದು ಮರುದಿನವೇ ಬಾಡಿಗೆಗೆ ಬಿಡಬಹುದು. ಲ್ಯಾಪ್‌ಟಾಪು ಬೇಡ, ಸಂವೇದಕಗಳ ತಂಟೆ ಇಲ್ಲ, ನಗರದ ಷೋರೂಮಿನ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವ ಪ್ರಮೇಯವಿಲ್ಲ. ಈ ಮಾಲೀಕನ ನಿಷ್ಠೆಯು ಬಾನೆಟ್ಟಿನ ಮೇಲಿನ ಹೆಸರಿಗಿಂತ ಹೆಚ್ಚಾಗಿ ಒಂದು ದುರಸ್ತಿ ವಿದ್ಯೆಗೆ, ಅದನ್ನು ಬಲ್ಲ ಮೆಕ್ಯಾನಿಕ್ಕಿನ ಕೈಗೆ, ಹತ್ತಿರದಲ್ಲೇ ಸಿಗುವ ಬಿಡಿಭಾಗಕ್ಕೆ ಸಂದದ್ದು. ಎಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸುವುದು, ಹೌಸಿಂಗ್ ಬದಲಿಸುವುದು, ತಗಡಿನ ಕೆಲಸ ಮಾಡಿಸುವುದು, ಇವುಗಳನ್ನು ಕಂತುಕಂತಾಗಿ ನಡೆಯುವ ಮರುಖರೀದಿಯೆಂದೇ ಎಣಿಸಬೇಕು. ಹತ್ತಾರು ವರ್ಷಗಳಲ್ಲಿ ಚಾಸಿ ಮತ್ತು ಆರ್‌ಸಿ ಪುಸ್ತಕದ ಹೊರತು ಮಿಕ್ಕದ್ದೆಲ್ಲ ಬದಲಾದ ಜೀಪಿನ ಮಾಲೀಕನು ಅದನ್ನು ಹಲವು ಬಾರಿ ಕೊಂಡಿದ್ದಾನೆ. ತಯಾರಕನ ಪುಸ್ತಕದಲ್ಲಿ ಮಾತ್ರ ಅದು ಒಂದೇ ಮಾರಾಟ.

2010ರ ಥಾರ್‌ಗೂ 2020ರ ಥಾರ್‌ಗೂ ಹೆಸರು ಒಂದೇ ಆದರೂ ಅವುಗಳನ್ನು ಒಂದೇ ಗಾಡಿಯೆಂದು ಪರಿಗಣಿಸಲಾಗದು. ಮೊದಲನೆಯದು ಬಹುಮಟ್ಟಿಗೆ ದುಡಿಮೆಯ ಜೀಪು. ಎರಡನೆಯದು 2.2 ಲೀಟರ್ ಡೀಸೆಲ್ ಅಥವಾ 2.0 ಲೀಟರ್ ಪೆಟ್ರೋಲ್ ಎಂಜಿನ್, ಬೇಕೆಂದರೆ ಆಟೊಮ್ಯಾಟಿಕ್ ಗೇರು, 226 ಮಿಲಿಮೀಟರ್ ನೆಲದಂತರ, 650 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗುವ ಸಾಮರ್ಥ್ಯ ಮತ್ತು ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯ ನಾಲ್ಕು ನಕ್ಷತ್ರಗಳೊಡನೆ ನಗರಕ್ಕೂ ಒಗ್ಗಿದ ಗಾಡಿ. 2023ರ ಜನವರಿಯಲ್ಲಿ 1.5 ಲೀಟರ್ ಡೀಸೆಲ್ಲಿನ, ಹಿಂಚಕ್ರ ಮಾತ್ರ ಎಳೆಯುವ ಥಾರ್ ಬಂದದ್ದರ ಹಿಂದೆ ತೆರಿಗೆಯ ಲೆಕ್ಕವಿದೆ: ನಾಲ್ಕು ಮೀಟರಿಗಿಂತ ಗಿಡ್ಡವಾದ, 1500 ಸಿಸಿ ಮೀರದ ಡೀಸೆಲ್ ಗಾಡಿಗೆ ಆಗ ಕಡಿಮೆ ತೆರಿಗೆ ಇತ್ತು. ಲೋ ಗೇರಿನ ಲಿವರೇ ಇಲ್ಲದ ಈ ಗಾಡಿಯ ಮಾಲೀಕನಿಗೂ ಕೊಡಗಿನ ತೋಟದ ಮಾಲೀಕನಿಗೂ ಒಂದೇ ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆದರೆ ಆ ಸರಾಸರಿ ಯಾರ ಅನುಭವವನ್ನೂ ಹೇಳುವುದಿಲ್ಲ. 2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್‌ಗೆ ಬುಕಿಂಗ್ ತೆರೆದ ಮೊದಲ ಗಂಟೆಯಲ್ಲೇ 1,76,218 ಬೇಡಿಕೆ ಬಂದದ್ದಾಗಿ ಸಂಸ್ಥೆ ಘೋಷಿಸಿತು. ಬೇಡಿಕೆಯ ಅಗಾಧತೆಗೆ ಅದು ಸಾಕ್ಷಿ. ಹಳಬರ ನಿಷ್ಠೆಗೆ ಸಾಕ್ಷಿಯೆನ್ನಲು ಆಧಾರ ಸಾಲದು.

ಇನ್ನು ಉತ್ತರಿಸುವವರ ಮನಸ್ಸಿನ ವಿಚಾರ. ಕೊಂಡ ವಸ್ತುವಿನ ದೋಷ ಕಣ್ಣಿಗೆ ಬಿದ್ದಾಗ, ಕೊಂಡದ್ದು ಸರಿಯೆಂಬ ನಂಬಿಕೆಗೂ ಆ ದೋಷಕ್ಕೂ ನಡುವೆ ಏಳುವ ಇರುಸುಮುರುಸನ್ನು ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಅರಿವಿನ ಅಸಾಂಗತ್ಯವೆಂದು ಹೆಸರಿಸಿದರು. ಮನುಷ್ಯರು ಅದನ್ನು ಶಮನಗೊಳಿಸಲು ದೋಷವನ್ನೇ ಗುಣವೆಂದು ಎಣಿಸುವುದುಂಟು. ಗಡುಸು ಸವಾರಿಯನ್ನು ಗಟ್ಟಿತನದ ಗುರುತೆಂದು ಹೊಗಳುವ ಮಾಲೀಕರ ಮಾತನ್ನು ಈ ಬೆಳಕಿನಲ್ಲಿಯೂ ತೂಗಿನೋಡಬೇಕು. ಮತ್ತೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ಮಾಲೀಕರನ್ನಷ್ಟೇ ಪ್ರಶ್ನಿಸಿದರೆ, ಬೇಸತ್ತು ಗಾಡಿ ಮಾರಿದವರು ಲೆಕ್ಕದಿಂದ ಹೊರಗೇ ಉಳಿಯುತ್ತಾರೆ. ಉಳಿದುಕೊಂಡವರ ಧ್ವನಿಯನ್ನೇ ಎಲ್ಲರ ಧ್ವನಿಯೆಂದು ತಿಳಿಯುವ ಈ ದೋಷದಿಂದ ಹಳೆಯ ಗಾಡಿಗಳಿಗೆಲ್ಲ ಅವುಗಳ ಯೋಗ್ಯತೆಗೆ ಮೀರಿದ ಕೀರ್ತಿ ಬರುತ್ತದೆ. ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಗ್ರಂಥದಲ್ಲಿ ಅತೃಪ್ತರಿಗೆ ಹೊರನಡೆ, ದನಿ ಎಂಬ ಎರಡು ದಾರಿಗಳನ್ನು ಗುರುತಿಸಿ, ನಿಷ್ಠೆಯು ಹೊರನಡೆಯನ್ನು ತಡೆದು ದನಿಗೆ ಎಡೆಮಾಡುತ್ತದೆ ಎಂದಿದ್ದಾರೆ. ಮಲೆನಾಡಿನ ಜೀಪು ಮಾಲೀಕನಲ್ಲಿ ಮೂರನೆಯ ದಾರಿಯೊಂದು ಕಾಣುತ್ತದೆ: ಅವನು ಬಿಟ್ಟುಹೋಗುವುದೂ ಇಲ್ಲ, ದೂರುವುದೂ ಇಲ್ಲ, ಗಾಡಿಯನ್ನು ತಾನೇ ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತಾನೆ. ತೃಪ್ತಿಯ ಪ್ರಶ್ನಾವಳಿಗಳಲ್ಲಿ ಈ ದಾರಿಗೆ ಒಂದು ಅಂಕಣವಾದರೂ ಇರಬೇಕು.

ಮನಸ್ಸಿನಷ್ಟೇ ಪ್ರಬಲವಾಗಿ ತೆರಿಗೆಯೂ ಉತ್ತರವನ್ನು ನಿರ್ಧರಿಸುತ್ತದೆ. ಕರ್ನಾಟಕದಲ್ಲಿ ಹೊಸ ಕಾರನ್ನು ನೋಂದಾಯಿಸುವಾಗಲೇ ಅದರ ಬೆಲೆಯ ಒಂದು ಪಾಲನ್ನು ಜೀವಿತಾವಧಿ ತೆರಿಗೆಯಾಗಿ ಒಂದೇ ಗಂಟಿನಲ್ಲಿ ಕಟ್ಟಬೇಕು. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಬೆಲೆಯ ಗಾಡಿಗೆ ಅದು ಶೇಕಡಾ 17, ಅದರ ಮೇಲೆ ಸೆಸ್ ಬೇರೆ. ಅಂದರೆ 15 ಲಕ್ಷದ ಗಾಡಿಗೆ ತೆರಿಗೆಯೇ ಎರಡೂವರೆ ಲಕ್ಷ ದಾಟುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಗಳಿಗೆ ನವೀಕರಿಸುವ ಕೇಂದ್ರದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಮಾಲೀಕರಿಗೆ ಅದು ದುಬಾರಿಯೆನಿಸಿತಾದರೂ, ಎರಡೂವರೆ ಲಕ್ಷದ ಎದುರು ಅದು ಅಲ್ಪವೇ. ಆ ಎರಡೂವರೆ ಲಕ್ಷದಲ್ಲಿ ಹಳೆಯ ಜೀಪಿನ ಎಂಜಿನ್ ಕಟ್ಟಿಸಿ, ಪ್ಲೇಟು ಸೆಟ್ಟು ಬದಲಿಸಿ, ಟೈರು ಹಾಕಿಸಿ, ಎಫ್‌ಸಿ ಮಾಡಿಸಬಹುದೆಂದು ತೋಟದ ಮಾಲೀಕನು ಲೆಕ್ಕ ಹಾಕಿದರೆ, ಮತ್ತೆ ಅದನ್ನೇ ಕೊಳ್ಳುವಿರಾ ಎಂಬ ಪ್ರಶ್ನೆಗೆ ಅವನು ‘ಹೌದು’ ಎಂದುತ್ತರಿಸಿಯೂ ಷೋರೂಮಿನ ಮೆಟ್ಟಿಲು ಹತ್ತದಿರುವುದರಲ್ಲಿ ಯಾವ ವಿರೋಧಾಭಾಸವೂ ಇಲ್ಲ.