ಪೇಟೆಯ ನಡುವಿನ ಮೇಜು

ಪ್ರತಿ ಬುಧವಾರ ಬೆಂಗಳೂರಿನ ಇಂದಿರಾನಗರದ ಒಂದು ಕೋ-ವರ್ಕಿಂಗ್ ಕಚೇರಿಗೆ ಹೋಗಿ ಕೂರುತ್ತೇನೆ. ಮೂವತ್ತು ವರ್ಷ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಮಾಹಿತಿ ಹುಡುಕಿಕೊಡುವುದೇ ಅಲ್ಲಿ ನನ್ನ ಕೆಲಸ. ಇದು ಹೊಸ ಕಸುಬೆಂದು ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ತಿಳಿದಿದ್ದಾರೆ.

ಹೊಸದಲ್ಲ. 1904ರಲ್ಲೇ ಅಮೆರಿಕದ ನ್ಯೂವಾರ್ಕ್‌ನಲ್ಲಿ ಜಾನ್ ಕಾಟನ್ ಡೇನಾ ಎಂಬ ಗ್ರಂಥಪಾಲಕರು ವ್ಯಾಪಾರಿಗಳ ಕೈಗೆಟುಕುವಂತೆ ಪೇಟೆಯಲ್ಲೇ ಶಾಖೆ ತೆರೆದು, ಡೈರೆಕ್ಟರಿ, ನಕಾಶೆಗಳನ್ನು ಜೋಡಿಸಿಟ್ಟರು. ಅಂಗಡಿಯವನು ಲೈಬ್ರರಿಗೆ ಬರಲಿ ಎಂದು ಕಾಯದೆ ಲೈಬ್ರರಿಯನ್ನೇ ಅವನ ಬೀದಿಗೆ ತಂದ ಆ ನಡೆ ನನಗೆ ಇಂದಿಗೂ ದೊಡ್ಡದು. 1909ರಲ್ಲಿ ವಿಶೇಷ ಗ್ರಂಥಾಲಯಗಳ ಸಂಘ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು.

ನಮ್ಮಲ್ಲಿ ಗ್ರಂಥಪಾಲಕ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆನ್ನುತ್ತದೆ. ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಇಲ್ಲೇ ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು (ಡಿ.ಆರ್.ಟಿ.ಸಿ.) ಕಟ್ಟಿದರು. ಸಂಶೋಧಕರಿಗೆ ಬೇಕಾದ ಲೇಖನವನ್ನು ಹೆಕ್ಕಿಕೊಡುವ ವಿದ್ಯೆ ಅಲ್ಲಿ ಪಾಠವಾಯಿತು.

ಆ ವಿದ್ಯೆಯ ಜೀವ ಇರುವುದು ಪ್ರಶ್ನೆ ಕೇಳುವುದರಲ್ಲಿ. ಮೊನ್ನೆ ಒಬ್ಬಳು ಬಂದು, "ಮೇಡಂ, ರಾಗಿ ಬಗ್ಗೆ ಪುಸ್ತಕ ಇದ್ಯಾ?" ಅಂದಳು.

"ರಾಗಿಯಿಂದ ಏನು ಮಾಡ್ತೀಯಮ್ಮ?"

"ಮಾಲ್ಟ್."

"ಎಲ್ಲಿ ತೊಂದರೆ ಆಗ್ತಿದೆ?"

"ಎರಡೇ ತಿಂಗಳಿಗೆ ಕಮಟು ವಾಸನೆ."

ಅವಳಿಗೆ ಬೇಕಿದ್ದದ್ದು ಪುಸ್ತಕವಲ್ಲ, ಹಿಟ್ಟಿನ ಬಾಳಿಕೆಯ ಮಾತು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳ ಲೇಖನಗಳನ್ನು ಹುಡುಕಿ ಮುಂದಿಟ್ಟೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಟಿಪ್ಪಣಿ ಮಾಡಿಕೊಳ್ಳತೊಡಗಿದಳು.